ಮಳೆಗಾಲದಲ್ಲಿ ನಿಂತಲ್ಲೇ ಇಳಿಯುವ ಬ್ಯಾಟರಿ: ಮತ್ತೊಂದು ಕೊಳ್ಳುವ ಮೊದಲು ಅಳೆದು ನೋಡಿ

ಪ್ರಶ್ನೆ: ನಮ್ಮದು ನಾಪೋಕ್ಲು ಬಳಿಯ ಕಾಫಿ ತೋಟದ ಮನೆ. 2006ರ ಪೆಟ್ರೋಲ್ ಕಾರು ಇದೆ. ವಾರಕ್ಕೆ ಎರಡು ಸಲ ಪೇಟೆಗೆ, ತಿಂಗಳಿಗೊಮ್ಮೆ ಮಡಿಕೇರಿಯ ಆಸ್ಪತ್ರೆಗೆ ಹೋಗಿ ಬರುತ್ತೇವೆ. ಉಳಿದಂತೆ ಅಂಗಳದ ಅಂಚಿನ ಸಿಲ್ವರ್ ಓಕ್ ಮರದಡಿ ನಿಂತಿರುತ್ತದೆ. ಶೆಡ್ಡಿನಲ್ಲಿ ಗೊಬ್ಬರದ ಮೂಟೆಗಳಿವೆ. ಬೇಸಿಗೆಯಲ್ಲಿ ಒಂದು ವಾರ ನಿಂತರೂ ಮೊದಲ ಸೆಲ್ಫ್‌ಗೇ ಎದ್ದು ಬರುವ ಕಾರು ಜೂನ್ ಕಳೆದ ಮೇಲೆ ಮೂರನೆಯ ದಿನಕ್ಕೇ ‘ಟಕ್’ ಎಂದು ಸುಮ್ಮನಾಗುತ್ತದೆ. ಎರಡು ವರ್ಷದಲ್ಲಿ ಎರಡು ಬ್ಯಾಟರಿ ಬದಲಾಯಿಸಿದೆವು. ಒಬ್ಬ ಮೆಕ್ಯಾನಿಕ್ ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ವೈರ್ ತೆಗೆದು ನೋಡಿ, ಡೈನಮೋ ಸರಿಯಿದೆ ಎಂದರು. ಇನ್ನೊಬ್ಬರು ಪೂರ್ತಿ ವೈರಿಂಗ್ ಬದಲಿಸಬೇಕು ಎನ್ನುತ್ತಾರೆ. ಮೂರು ವರ್ಷದ ಹಿಂದೆ ಹೊಸ ಸ್ಟೀರಿಯೊ ಮತ್ತು ಸೆಂಟ್ರಲ್ ಲಾಕ್ ಹಾಕಿಸಿದ್ದೆವು. ಜೋರು ಮಳೆಯ ಕೆಲವು ರಾತ್ರಿ ಕಾರಿನೊಳಗಿಂದ ಟಿಕ್ ಟಿಕ್ ಸದ್ದು ಬರುವುದುಂಟು. ನಮ್ಮ ಯಜಮಾನರಿಗೆ ಹೃದಯದ ತೊಂದರೆ ಇದೆ. ರಾತ್ರಿ ಹೊತ್ತು ಕಾರು ಎದ್ದು ಬರದಿದ್ದರೆ ಏನು ಗತಿ ಎಂಬುದೇ ಚಿಂತೆ. ಕಾರನ್ನೇ ಮಾರಿಬಿಡಬೇಕೆ?

ಉತ್ತರ: ನಿಮ್ಮ ಪತ್ರದ ಕೊನೆಯಲ್ಲಿರುವ ಚಿಂತೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ದೋಷ ಸಿಕ್ಕಿ ಸರಿಯಾಗುವವರೆಗೆ ರಾತ್ರಿಯ ತುರ್ತಿಗೆ ಈ ಕಾರೊಂದನ್ನೇ ನಂಬಿ ಕುಳಿತುಕೊಳ್ಳಬೇಡಿ. 108 ಇದ್ದೇ ಇದೆ. ಅದರ ಜೊತೆಗೆ ಹತ್ತಿರದ ತೋಟದಲ್ಲಿ ಜೀಪು ಇರುವವರೊಬ್ಬರಿಗೆ ವಿಷಯ ಇಂದೇ ತಿಳಿಸಿಡಿ. ಮತ್ತೆ, ಇಂದಿನಿಂದಲೇ ಒಂದು ಕೆಲಸ ಮಾಡಬಹುದು: ಕಾರು ನಿಲ್ಲಿಸಿದ ಮೇಲೆ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿಡಿ. ಸಾಮಾನ್ಯವಾಗಿ 10 ಮಿಲಿಮೀಟರ್ ಸ್ಪ್ಯಾನರ್ ಸಾಕು. ಬೇಕಾದಾಗ ಸಿಕ್ಕಿಸಿ ಬಿಗಿದರೆ ಎರಡು ನಿಮಿಷದಲ್ಲಿ ಹೊರಡಬಹುದು. ಬ್ಯಾಟರಿ ಚೆನ್ನಾಗಿದ್ದರೆ ಈ ವಾರದಿಂದಲೇ ನಿಮಗೆ ನೆಮ್ಮದಿ ಸಿಗುತ್ತದೆ. ದೋಷವನ್ನು ಸಾವಧಾನವಾಗಿ ಹುಡುಕಬಹುದು.

ನೆಗೆಟಿವ್ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕಾರಿನ ಬಾಡಿಯೆಲ್ಲ ನೆಗೆಟಿವ್‌ಗೆ ಸೇರಿಕೊಂಡಿರುತ್ತದೆ. ಪಾಸಿಟಿವ್ ಮೊದಲು ಬಿಚ್ಚಲು ಹೋಗಿ ಸ್ಪ್ಯಾನರಿನ ಇನ್ನೊಂದು ತುದಿ ಬಾಡಿಗೆ ತಾಗಿದರೆ ದೊಡ್ಡ ಕಿಡಿ ಹಾರುತ್ತದೆ, ಕೈ ಸುಡುತ್ತದೆ. ಬಿಚ್ಚುವಾಗ ನೆಗೆಟಿವ್ ಮೊದಲು, ಸೇರಿಸುವಾಗ ಕೊನೆಗೆ. ಕೈಯಲ್ಲಿ ಲೋಹದ ಬಳೆ, ಉಂಗುರ ಇದ್ದರೆ ತೆಗೆದಿಟ್ಟು ಕೆಲಸ ಮಾಡಿ.

ಈಗ ದೋಷದ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಬ್ಯಾಟರಿಯ ವಯಸ್ಸೂ ಅಲ್ಲ, ಸ್ಟೀರಿಯೊ ಕೂಡ ಅಲ್ಲ. ಬೇಸಿಗೆಯಲ್ಲಿ ಒಂದು ವಾರ ತಾಳುವ ಕಾರು ಮಳೆಗಾಲದಲ್ಲಿ ಮೂರೇ ದಿನ ತಾಳುತ್ತದೆ ಎಂಬ ಮಾತು. ಇದನ್ನು ನಿಮ್ಮ ಇಬ್ಬರು ಮೆಕ್ಯಾನಿಕ್‌ಗಳಿಗೂ ಹೇಳಿದ್ದಿರೋ ಇಲ್ಲವೋ ಗೊತ್ತಿಲ್ಲ. ಹೇಳದಿದ್ದರೆ ಹೇಳಿ. ಏಕೆಂದರೆ ಅರ್ಧ ಉತ್ತರ ಅದರಲ್ಲೇ ಇದೆ.

ಸ್ವಲ್ಪ ಲೆಕ್ಕ ಹಾಕೋಣ. ಇಂಥ ಚಿಕ್ಕ ಪೆಟ್ರೋಲ್ ಕಾರಿಗೆ ಸಾಮಾನ್ಯವಾಗಿ 35 ಆಂಪಿಯರ್-ಅವರ್ ಬ್ಯಾಟರಿ, ಅಂದರೆ ಗಂಟೆಗೆ ಒಂದು ಆಂಪಿಯರಿನಂತೆ ಸುಮಾರು 35 ಗಂಟೆ ಕೊಡಬಲ್ಲ ಬ್ಯಾಟರಿ ಇರುತ್ತದೆ. ಕೀ ತೆಗೆದು, ಬಾಗಿಲು ಹಾಕಿ ನಿಲ್ಲಿಸಿದ ಮೇಲೂ ಗಡಿಯಾರ, ಸ್ಟೀರಿಯೊದ ಮೆಮೊರಿ, ಎಂಜಿನ್ ಕಂಪ್ಯೂಟರ್, ಲಾಕಿನ ರಿಮೋಟ್ ಘಟಕ ಇವೆಲ್ಲ ಸ್ವಲ್ಪ ಸ್ವಲ್ಪ ಕರೆಂಟ್ ತೆಗೆದುಕೊಳ್ಳುತ್ತಲೇ ಇರುತ್ತವೆ. ಒಟ್ಟು 20ರಿಂದ 50 ಮಿಲಿಆಂಪಿಯರ್‌ವರೆಗೆ ಇದ್ದರೆ ಅದು ಸಹಜ. 50 ಮಿಲಿಆಂಪಿಯರ್ ಎಂದರೆ ದಿನಕ್ಕೆ 1.2 ಆಂಪಿಯರ್-ಅವರ್, ಹತ್ತು ದಿನ ನಿಂತರೂ 12 ಮಾತ್ರ ಖರ್ಚು. ಒಳ್ಳೆಯ ಬ್ಯಾಟರಿಗೆ ಇದು ಹೊರೆಯೇ ಅಲ್ಲ. ಆದರೆ ಬ್ಯಾಟರಿ ಅರ್ಧಕ್ಕಿಂತ ಕೆಳಗಿಳಿದರೆ ಸೆಲ್ಫ್ ಎತ್ತುವ ಶಕ್ತಿ ಕ್ಷೀಣಿಸುತ್ತದೆ. ಪೂರ್ತಿ ತುಂಬಿದ ಬ್ಯಾಟರಿ ಮೂರು ದಿನದಲ್ಲಿ, ಅಂದರೆ 72 ಗಂಟೆಯಲ್ಲಿ, ಅರ್ಧಕ್ಕೆ ಇಳಿಯಬೇಕಾದರೆ ಹೆಚ್ಚುಕಡಿಮೆ 240 ಮಿಲಿಆಂಪಿಯರ್ ಸೋರಬೇಕು. ಮೊದಲೇ ಮುಕ್ಕಾಲು ಮಾತ್ರ ತುಂಬಿದ್ದರೆ 120 ಸಾಕು.

ಈ ಎರಡು ಅಂಕಿಗಳನ್ನು ನೆನಪಿಡಿ. ಡಿಕ್ಕಿಯ 5 ವ್ಯಾಟ್ ಬಲ್ಬ್ ಆರದೆ ಉರಿಯುತ್ತಿದ್ದರೆ 400 ಮಿಲಿಆಂಪಿಯರ್ ದಾಟುತ್ತದೆ. ಎರಡನೆಯ ದಿನಕ್ಕೇ ಕಾರು ಮಲಗುತ್ತಿತ್ತು. ಹಾಗಾಗಿ ನಿಮ್ಮ ಕಾರಿನಲ್ಲಿ ಹಗಲು ರಾತ್ರಿ ಬಲ್ಬ್ ಉರಿಯುತ್ತಿರುವ ಸಾಧ್ಯತೆ ಕಡಿಮೆ. ಒಂದು ಸಾಮಾನ್ಯ ರಿಲೇಯ, ಅಂದರೆ ಕರೆಂಟಿನಿಂದಲೇ ಎಳೆದು ಬಿಡುವ ಸ್ವಿಚ್ಚಿನ, ಕಾಯಿಲ್ ಹಿಡಿದುಕೊಂಡೇ ಇದ್ದರೆ ಎಷ್ಟು ತೆಗೆದುಕೊಳ್ಳುತ್ತದೆ ಗೊತ್ತೆ? 100ರಿಂದ 150 ಮಿಲಿಆಂಪಿಯರ್. ಮಳೆಯ ರಾತ್ರಿ ನಿಮಗೆ ಕೇಳಿಸುವ ಆ ಟಿಕ್ ಟಿಕ್ ಸದ್ದು ರಿಲೇಯದೇ ಇರಬಹುದೆಂದು ನನ್ನ ಬಲವಾದ ಅನುಮಾನ. ಆದರೆ ಅನುಮಾನದ ಮೇಲೆ ಯಾವ ಭಾಗವನ್ನೂ ಬದಲಿಸಬಾರದು. ಮೀಟರ್ ಹೇಳಲಿ.

ಮುಂದೆ ಹೋಗುವ ಮೊದಲು, ನಿಮ್ಮನ್ನು ದಾರಿ ತಪ್ಪಿಸಬಹುದಾದ ಕೆಲವು ಮಾತುಗಳನ್ನು ಬದಿಗೆ ಸರಿಸಬೇಕು.

ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ವೈರ್ ತೆಗೆದು ಡೈನಮೋ ಪರೀಕ್ಷಿಸುವುದು ಅಂಬಾಸಿಡರ್, ಹಳೆಯ ಜೀಪುಗಳ ಕಾಲದ ಅಭ್ಯಾಸ. ಆಗ ಕಾರಿನಲ್ಲಿ ಕೆಡುವಂಥ ಎಲೆಕ್ಟ್ರಾನಿಕ್ ಸಾಮಗ್ರಿ ಏನೂ ಇರಲಿಲ್ಲ. ಈಗ ಡೈನಮೋ ಜಾಗದಲ್ಲಿ ಆಲ್ಟರ್ನೇಟರ್ ಇರುತ್ತದೆ. ಅದಕ್ಕೆ ಒತ್ತಾಸೆಯಾಗಿರುವ ಬ್ಯಾಟರಿಯನ್ನು ಥಟ್ಟನೆ ತೆಗೆದರೆ ವೋಲ್ಟೇಜ್ ಒಂದು ಕ್ಷಣ ಎಷ್ಟೋ ಪಟ್ಟು ಜಿಗಿಯುತ್ತದೆ. ಎಂಜಿನ್ ಕಂಪ್ಯೂಟರ್, ಸ್ಟೀರಿಯೊ, ಆಲ್ಟರ್ನೇಟರಿನ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಯಾವುದು ಬೇಕಾದರೂ ಸುಡಬಹುದು. ಎಂಜಿನ್ ನಿಲ್ಲಲಿಲ್ಲ ಎಂಬುದರಿಂದ ಆಲ್ಟರ್ನೇಟರ್ ಸರಿಯಿದೆ ಎಂದೂ ಸಾಬೀತಾಗುವುದಿಲ್ಲ. ಇನ್ನು ಮುಂದೆ ಯಾರಿಗೂ ಹಾಗೆ ಮಾಡಲು ಬಿಡಬೇಡಿ. ಕೇಳಲು ಸಂಕೋಚಪಡಬೇಡಿ, ಕಾರು ನಿಮ್ಮದು.

ಟರ್ಮಿನಲ್ ತಾಗಿಸಿದಾಗ ಕಿಡಿ ಬಂತು, ಆದ್ದರಿಂದ ಶಾರ್ಟ್ ಇದೆ ಎನ್ನುವವರೂ ಇದ್ದಾರೆ. ಸ್ಟೀರಿಯೊ ಮತ್ತು ಕಂಪ್ಯೂಟರ್‌ನ ಒಳಗಿನ ಕೆಪಾಸಿಟರ್‌ಗಳು ತುಂಬಿಕೊಳ್ಳುವಾಗ ದೋಷವಿಲ್ಲದ ಕಾರಿನಲ್ಲೂ ಸಣ್ಣ ಕಿಡಿ ಬರುತ್ತದೆ. ಬ್ಯಾಟರಿಯನ್ನು ಸಿಮೆಂಟ್ ನೆಲದ ಮೇಲಿಟ್ಟರೆ ಚಾರ್ಜ್ ಇಳಿಯುತ್ತದೆ ಎಂಬ ಮಾತಿಗೆ ಈಗಿನ ಪ್ಲಾಸ್ಟಿಕ್ ಪೆಟ್ಟಿಗೆಯ ಬ್ಯಾಟರಿಗಳಲ್ಲಿ ಆಧಾರವಿಲ್ಲ. ದೊಡ್ಡ ಬ್ಯಾಟರಿ ಹಾಕಿಸಿ ಎಂಬ ಸಲಹೆ ನಿಮಗೂ ಬಂದಿರಬಹುದು. ಅದರಿಂದ ಮೂರು ದಿನ ನಾಲ್ಕಾಗುತ್ತದೆ, ಸೋರಿಕೆ ಅಲ್ಲೇ ಇರುತ್ತದೆ.

‘ದಿನಾ ಐದು ನಿಮಿಷ ಸ್ಟಾರ್ಟ್ ಮಾಡಿಡಿ’ ಎಂಬುದು ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಸಲಹೆ. ನಿಂತಲ್ಲೇ ಐದು ನಿಮಿಷ ಓಡಿದ ಎಂಜಿನ್ ಬ್ಯಾಟರಿಗೆ 10 ಆಂಪಿಯರ್ ಕೊಟ್ಟಿತು ಎಂದೇ ಇಟ್ಟುಕೊಳ್ಳಿ. ಒಂದು ಆಂಪಿಯರ್-ಅವರ್ ಕೂಡ ಆಗುವುದಿಲ್ಲ. 240 ಮಿಲಿಆಂಪಿಯರ್ ಸೋರುವ ಕಾರು ದಿನಕ್ಕೆ ಸುಮಾರು 6 ಆಂಪಿಯರ್-ಅವರ್ ಕಳೆದುಕೊಳ್ಳುತ್ತದೆ. ಪೆಟ್ರೋಲ್ ಸುಡುತ್ತದೆ, ಬ್ಯಾಟರಿ ಇಳಿಯುತ್ತಲೇ ಇರುತ್ತದೆ.

ಹೊಸ ಬ್ಯಾಟರಿಗಳು ಬೇಗ ಹಾಳಾದದ್ದಕ್ಕೆ ಕಾರಣವೂ ಇಲ್ಲೇ ಇದೆ. ಈ ಬಗೆಯ ಸೀಸ-ಆಮ್ಲದ ಬ್ಯಾಟರಿ ಪದೇ ಪದೇ ಪೂರ್ತಿ ಇಳಿದು, ಇಳಿದ ಸ್ಥಿತಿಯಲ್ಲೇ ದಿನಗಟ್ಟಲೆ ನಿಂತರೆ ಒಳಗಿನ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಮತ್ತೆ ಎಷ್ಟು ಚಾರ್ಜ್ ಮಾಡಿದರೂ ಅಷ್ಟು ಭಾಗ ಸತ್ತ ಹಾಗೆಯೇ. ಅಂದರೆ ಬ್ಯಾಟರಿಯಿಂದಾಗಿ ಕಾರು ನಿಂತಿತು ಎನ್ನುವುದಕ್ಕಿಂತ ಕಾರೇ ಬ್ಯಾಟರಿಯನ್ನು ಕೊಂದಿದೆ ಎನ್ನಬೇಕು. ಈಗಿರುವ ಬ್ಯಾಟರಿಗೂ ಸ್ವಲ್ಪ ಪೆಟ್ಟು ಬಿದ್ದಿರುತ್ತದೆ. ಅದಕ್ಕೇ ಪರೀಕ್ಷೆಯನ್ನು ಬ್ಯಾಟರಿಯಿಂದಲೇ ಆರಂಭಿಸಬೇಕು.

ಕೆಲವು ನೂರು ರೂಪಾಯಿಗೆ ಸಿಗುವ ಡಿಜಿಟಲ್ ಮಲ್ಟಿಮೀಟರ್ ಒಂದನ್ನು ತರಿಸಿಕೊಳ್ಳಿ. ಬ್ಯಾಟರಿಯನ್ನು ಅಂಗಡಿಯಲ್ಲಿ ಪೂರ್ತಿ ಚಾರ್ಜ್ ಮಾಡಿಸಿ ತಂದು, ಕಾರಿಗೆ ಜೋಡಿಸದೆ ಒಂದು ರಾತ್ರಿ ಬಿಡಿ. ಚಾರ್ಜ್ ಆದ ಕೂಡಲೇ ಅಳೆದರೆ ಮೀಟರ್ ಹೆಚ್ಚು ತೋರಿಸಿ ಮೋಸ ಮಾಡುತ್ತದೆ. ಬೆಳಿಗ್ಗೆ 12.6 ವೋಲ್ಟ್ ಅಥವಾ ಅದಕ್ಕಿಂತ ತುಸು ಹೆಚ್ಚು ಇರಬೇಕು. 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 12ಕ್ಕಿಂತ ಕೆಳಗಿದ್ದರೆ ಬಹುತೇಕ ಖಾಲಿ. ಹಾಗೆಯೇ ಮೂರು ದಿನ ಇಟ್ಟು ಮತ್ತೆ ಅಳೆಯಿರಿ. ಯಾವ ವೈರೂ ಇಲ್ಲದೆ 12.4ಕ್ಕೋ ಅದಕ್ಕಿಂತ ಕೆಳಗೋ ಇಳಿದರೆ ಬ್ಯಾಟರಿಯೇ ಹಿಡಿದಿಡುತ್ತಿಲ್ಲ. ಇಳಿಯದೆ ನಿಂತು, ಜೋಡಿಸಿದ ಕೂಡಲೇ ಎಂಜಿನ್ ಎದ್ದು ಬಂದರೆ ಕುಡಿಯುತ್ತಿರುವುದು ಕಾರು. ಇಡೀ ಪ್ರಕರಣದಲ್ಲಿ ಇಷ್ಟು ಅಗ್ಗದ, ಇಷ್ಟು ಸ್ಪಷ್ಟವಾದ ಪರೀಕ್ಷೆ ಬೇರೊಂದಿಲ್ಲ. ಆದರೂ ಇದನ್ನು ಮಾಡುವವರು ಕಡಿಮೆ, ಏಕೆಂದರೆ ಮೂರು ದಿನ ಕಾಯಬೇಕು.

ಬ್ಯಾಟರಿಯ ಮೇಲ್ಭಾಗವನ್ನೂ ನೋಡಿ. ನಮ್ಮ ಜಿಲ್ಲೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗಿದ ವಸ್ತು ಎಂಬುದೇ ಇರುವುದಿಲ್ಲ. ಬ್ಯಾಟರಿಯ ಮುಚ್ಚಳದ ಮೇಲಿನ ಧೂಳು, ಆಮ್ಲದ ಆವಿ ಮತ್ತು ತೇವ ಸೇರಿ ತೆಳುವಾದ ಪದರವಾದರೆ ಅದರ ಮೂಲಕವೇ ಪಾಸಿಟಿವ್‌ನಿಂದ ನೆಗೆಟಿವ್‌ಗೆ ಕರೆಂಟ್ ಹರಿಯುತ್ತದೆ. ಮೀಟರನ್ನು ಡಿಸಿ ವೋಲ್ಟ್‌ನಲ್ಲಿಟ್ಟು ಕಪ್ಪು ಕಡ್ಡಿಯನ್ನು ನೆಗೆಟಿವ್ ಟರ್ಮಿನಲ್ ಮೇಲೆ, ಕೆಂಪು ಕಡ್ಡಿಯನ್ನು ಮುಚ್ಚಳದ ಪ್ಲಾಸ್ಟಿಕ್ ಮೇಲೆ ಒತ್ತಿ ಹಿಡಿಯಿರಿ. ಅರ್ಧ ವೋಲ್ಟೋ ಒಂದು ವೋಲ್ಟೋ ತೋರಿಸಿದರೆ ಅಲ್ಲಿ ಹರಿವು ಇದೆ. ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಬಟ್ಟೆ ಅದ್ದಿ, ಹಿಂಡಿ, ಒರೆಸಿ, ಒಣಗಿಸಿ. ಸೋಡಾ ನೀರು ಬ್ಯಾಟರಿಯ ಒಳಗೆ ಹೋಗಬಾರದು. ಈ ಸೋರಿಕೆ ಸಾಮಾನ್ಯವಾಗಿ ಚಿಕ್ಕದು, ಮೂರು ದಿನದಲ್ಲಿ ಕಾರು ಮಲಗಿಸುವಷ್ಟಲ್ಲ. ಆದರೆ ಬೇರೆ ಸೋರಿಕೆಯ ಜೊತೆ ಸೇರಿಕೊಳ್ಳುತ್ತದೆ.

ಎರಡನೆಯದು, ಬ್ಯಾಟರಿ ತುಂಬುತ್ತಿದೆಯೇ ಎಂಬುದು. ಮಳೆಗಾಲದ ಓಡಾಟವನ್ನು ನೆನಪಿಸಿಕೊಳ್ಳಿ. ಹಗಲಲ್ಲೂ ಹೆಡ್‌ಲೈಟ್, ನಿಲ್ಲದ ವೈಪರ್, ಗಾಜಿನ ಮಂಜು ಬಿಡಿಸಲು ಬ್ಲೋವರ್, ಹಿಂದಿನ ಗಾಜಿನ ಹೀಟರ್. ಎರಡು ಹೆಡ್‌ಲೈಟೇ 9 ಆಂಪಿಯರ್ ಹತ್ತಿರ. ಎಲ್ಲ ಸೇರಿದರೆ 30 ತಲುಪುತ್ತದೆ. ಚಿಕ್ಕ ಕಾರಿನ ಆಲ್ಟರ್ನೇಟರ್ ಎಂಜಿನ್ ವೇಗವಾಗಿ ಓಡುವಾಗ ಮಾತ್ರ ಪೂರ್ತಿ ಕೊಡುತ್ತದೆ. ಐಡ್ಲಿಂಗ್‌ನಲ್ಲಿ ಅದರ ಅರ್ಧವೂ ಸಿಗದಿರಬಹುದು. ಮನೆಯಿಂದ ಪೇಟೆಗೆ ಹತ್ತು ನಿಮಿಷ, ಅಲ್ಲಿ ಎಂಜಿನ್ ನಿಲ್ಲಿಸದೆ ಕಾಯುವುದು, ಮತ್ತೆ ಹತ್ತು ನಿಮಿಷ: ಇಷ್ಟರಲ್ಲಿ ಬ್ಯಾಟರಿಗೆ ಸಿಗುವುದು ಅಲ್ಪ. ಮಳೆಗಾಲದಲ್ಲಿ ನಿಮ್ಮ ಬ್ಯಾಟರಿ ಮುಕ್ಕಾಲಿಗಿಂತ ಮೇಲೆ ಏರುತ್ತಲೇ ಇಲ್ಲದಿರಬಹುದು. ಆಗ ಆ 120 ಮಿಲಿಆಂಪಿಯರ್ ಲೆಕ್ಕ ನಿಜವಾಗುತ್ತದೆ.

ಪರೀಕ್ಷೆ ಸುಲಭ. ಎಂಜಿನ್ ಓಡುತ್ತಿರುವಾಗ, ವೈರ್ ಏನನ್ನೂ ಬಿಚ್ಚದೆ, ಬ್ಯಾಟರಿಯ ಎರಡು ಟರ್ಮಿನಲ್‌ಗಳ ಮೇಲೆ ಮೀಟರ್ ಇಡಿ. 13.8ರಿಂದ 14.5 ವೋಲ್ಟ್ ಇರಬೇಕು. ನಂತರ ಲೈಟು, ಬ್ಲೋವರ್, ಹೀಟರ್ ಎಲ್ಲ ಹಾಕಿ, ಆಕ್ಸಿಲರೇಟರ್ ಸ್ವಲ್ಪ ಒತ್ತಿ ಹಿಡಿದು ಮತ್ತೆ ನೋಡಿ. 13.5ರ ಆಸುಪಾಸಿನಲ್ಲಿ ನಿಂತರೆ ಸರಿ. 13ಕ್ಕಿಂತ ಕೆಳಗೆ ಬಂದರೆ ಬೆಲ್ಟ್ ಸಡಿಲವಾಗಿದೆಯೋ, ಟರ್ಮಿನಲ್ ಹಿಡಿದಿಲ್ಲವೋ, ಆಲ್ಟರ್ನೇಟರಿನ ಬ್ರಶ್ ಸವೆದಿದೆಯೋ ನೋಡಿಸಬೇಕು. ಒದ್ದೆಯಾದಾಗ ಕಿರ್ ಎಂದು ಕೂಗುವ ಬೆಲ್ಟ್ ಜಾರುತ್ತಿದೆ ಎಂದೇ ಅರ್ಥ.

ಈಗ ಸೋರಿಕೆ ಅಳೆಯುವುದು. ಇದನ್ನು ನೀವೇ ಮಾಡಬಹುದು. ಧೈರ್ಯ ಬರದಿದ್ದರೆ ಆಟೋ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ, ಪಕ್ಕದಲ್ಲಿ ನಿಂತು ನೋಡಿ. ಕೀ ತೆಗೆದಿರಲಿ. ಚಾಲಕನ ಕಡೆಯ ಕಿಟಕಿ ಇಳಿಸಿಡಿ, ಇಲ್ಲವಾದರೆ ಸೆಂಟ್ರಲ್ ಲಾಕ್ ತಾನಾಗಿ ಬಿದ್ದು ಕೀ ಒಳಗೇ ಉಳಿಯುವ ಅಪಾಯವಿದೆ. ಬಾಗಿಲುಗಳೆಲ್ಲ ಮುಚ್ಚಿರಬೇಕು. ಮೀಟರಿನ ಕೆಂಪು ಕಡ್ಡಿಯನ್ನು 10 ಆಂಪಿಯರ್ ಎಂದು ಬರೆದಿರುವ ತೂತಿಗೆ ಬದಲಿಸಿ, ಗುಂಡಿಯನ್ನು ಡಿಸಿ ಆಂಪಿಯರ್‌ಗೆ ತಿರುಗಿಸಿ. ನೆಗೆಟಿವ್ ಟರ್ಮಿನಲ್ ಬಿಚ್ಚಿ, ಬ್ಯಾಟರಿಯ ಕಂಬಕ್ಕೂ ಬಿಚ್ಚಿದ ವೈರಿಗೂ ನಡುವೆ ಮೀಟರ್ ಸೇರಿಸಿ. ಈಗ ಕಾರು ಕುಡಿಯುವುದೆಲ್ಲ ಮೀಟರಿನ ಮೂಲಕವೇ ಹೋಗಬೇಕು.

ಮೊದಲು ಕಾಣುವ ಅಂಕಿಗೆ ಗಾಬರಿಯಾಗಬೇಡಿ. ವೈರ್ ಸೇರಿಸಿದ ಕೂಡಲೇ ಘಟಕಗಳೆಲ್ಲ ಎಚ್ಚರವಾಗುತ್ತವೆ; ಅವು ಮತ್ತೆ ಮಲಗಲು ಕೆಲವು ಕಾರುಗಳಲ್ಲಿ ಅರ್ಧ ಗಂಟೆಗೂ ಹೆಚ್ಚು ಬೇಕು. ಕಾಫಿ ಕುಡಿದು ಬಂದು ನೋಡಿ. ಈ ಹೊತ್ತಿನಲ್ಲಿ ಇಗ್ನಿಷನ್ ಹಾಕಬೇಡಿ, ಸೆಲ್ಫ್ ಹೊಡೆಯುವುದಂತೂ ಬೇಡವೇ ಬೇಡ. ಸೆಲ್ಫ್ ಮೋಟರ್ ನೂರು ಆಂಪಿಯರಿಗಿಂತ ಹೆಚ್ಚು ಎಳೆಯುತ್ತದೆ, ಮೀಟರ್ ಸುಡುತ್ತದೆ. ಇನ್ನೊಂದು ಎಚ್ಚರಿಕೆ: ಕೆಲಸ ಮುಗಿದ ಮೇಲೆ ಕೆಂಪು ಕಡ್ಡಿಯನ್ನು ವೋಲ್ಟ್‌ನ ತೂತಿಗೆ ಮರಳಿಸಿ. ಆಂಪಿಯರ್‌ನಲ್ಲೇ ಬಿಟ್ಟು ಮರುದಿನ ಬ್ಯಾಟರಿಯ ಎರಡು ಕಂಬಗಳ ಮೇಲೆ ಇಟ್ಟರೆ ನೇರ ಶಾರ್ಟ್.

ಮೀಟರ್ ಇಲ್ಲದವರು ಅದೇ ಜಾಗದಲ್ಲಿ ಬಲ್ಬ್ ಹಾಕಿ ನೋಡುತ್ತಾರೆ. ದೊಡ್ಡ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಅಷ್ಟರಮಟ್ಟಿಗೆ ಉಪಯೋಗವಿದೆ. ಆದರೆ ನಿಮ್ಮಲ್ಲಿರುವಂಥ 120, 150 ಮಿಲಿಆಂಪಿಯರಿಗೆ 21 ವ್ಯಾಟ್ ಬಲ್ಬ್ ಕಣ್ಣಿಗೆ ಕಾಣುವಷ್ಟು ಮಿನುಗುವುದೇ ಇಲ್ಲ. ಬಲ್ಬ್ ಉರಿಯಲಿಲ್ಲ, ಸೋರಿಕೆ ಇಲ್ಲ ಎಂದು ಕಳುಹಿಸಿದ ಕಾರುಗಳು ನನ್ನ ಬಳಿಗೆ ಆಗಾಗ ಬರುತ್ತವೆ.

ಅಂಕಿ 50 ಮಿಲಿಆಂಪಿಯರಿಗಿಂತ (ಆಂಪಿಯರ್ ಲೆಕ್ಕದಲ್ಲಿ 0.05) ಹೆಚ್ಚು ನಿಂತರೆ ಫ್ಯೂಸ್ ಬಾಕ್ಸಿಗೆ ಹೋಗಿ. ಮೊದಲು ಮೊಬೈಲಿನಲ್ಲಿ ಅದರ ಫೋಟೊ ತೆಗೆದುಕೊಳ್ಳಿ, ಯಾವ ಫ್ಯೂಸ್ ಎಲ್ಲಿತ್ತು ಎಂಬುದು ಆಮೇಲೆ ನೆನಪಿರುವುದಿಲ್ಲ. ಒಂದೊಂದೇ ಫ್ಯೂಸ್ ಕಿತ್ತು, ಮೀಟರ್ ನೋಡಿ, ಮರಳಿ ಹಾಕಿ. ಯಾವುದನ್ನು ಕಿತ್ತಾಗ ಅಂಕಿ ಧಡಕ್ಕನೆ ಇಳಿಯುತ್ತದೋ ಆ ಸಾಲಿನಲ್ಲಿ ಕಳ್ಳನಿದ್ದಾನೆ. ಬಾಗಿಲು ತೆರೆದರೆ ಒಳಗಿನ ದೀಪ ಹತ್ತಿ ಲೆಕ್ಕ ಕೆಡುವುದರಿಂದ, ಹಳೆಯ ಕಾರಿನ ಬಾಗಿಲ ಕಂಬದಲ್ಲಿರುವ ಒತ್ತುವ ಸ್ವಿಚ್ಚನ್ನು ಟೇಪ್ ಹಾಕಿ ಒತ್ತಿಡಿ. ಅನುಭವವಿರುವವರು ಫ್ಯೂಸ್ ಕೀಳುವುದೇ ಇಲ್ಲ. ಫ್ಯೂಸಿನ ಬೆನ್ನ ಮೇಲಿರುವ ಎರಡು ಲೋಹದ ಚುಕ್ಕಿಗಳ ನಡುವೆ ಮಿಲಿವೋಲ್ಟ್ ಅಳೆಯುತ್ತಾರೆ. ಸೊನ್ನೆಯಾದರೆ ಅದರಲ್ಲಿ ಹರಿವಿಲ್ಲ. ಯಾವುದೂ ಎಚ್ಚರವಾಗದೆ ಉತ್ತರ ಸಿಗುತ್ತದೆ. ನಿಮ್ಮ ಎಲೆಕ್ಟ್ರಿಷಿಯನ್‌ಗೆ ಇದು ಗೊತ್ತಿದ್ದರೆ ಅವರು ಕೆಲಸಗಾರರೇ ಸರಿ.

ಎಲ್ಲ ಫ್ಯೂಸ್ ಕಿತ್ತರೂ ಅಂಕಿ ಇಳಿಯದಿದ್ದರೆ ಸೋರಿಕೆ ಫ್ಯೂಸ್ ಬಾಕ್ಸಿನ ಆಚೆಗಿದೆ: ಆಲ್ಟರ್ನೇಟರಿನ ಡಯೋಡ್, ಅಥವಾ ಬ್ಯಾಟರಿಯಿಂದ ನೇರವಾಗಿ ಎಳೆದ ಬೇರೆ ವೈರ್. ರಾತ್ರಿಯೆಲ್ಲ ನಿಂತ ಕಾರಿನ ಆಲ್ಟರ್ನೇಟರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಮುಟ್ಟಿ ನೋಡಿ. ಎಂಜಿನ್ ತಣ್ಣಗಿದ್ದು ಅದೊಂದೇ ಬೆಚ್ಚಗಿದ್ದರೆ ಡಯೋಡ್ ಕೆಟ್ಟಿದೆ ಎನ್ನಲು ಅಷ್ಟು ಸಾಕು. ನಿಮ್ಮ ಕಾರಿನ ಬ್ಯಾಟರಿ ವೈರನ್ನು ಎಂಜಿನ್ ಓಡುವಾಗಲೇ ತೆಗೆದಿದ್ದರಿಂದ ಈ ಭಾಗವನ್ನು ಖಂಡಿತ ನೋಡಿಸಿ.

ಇಷ್ಟೆಲ್ಲ ಮಾಡಿಯೂ ಮೀಟರ್ 30 ಮಿಲಿಆಂಪಿಯರ್ ತೋರಿಸಿ, ಎಲ್ಲ ಸರಿಯಿದೆ ಎಂದು ಎಲೆಕ್ಟ್ರಿಷಿಯನ್ ಹೊರಟುಹೋಗಬಹುದು. ನಿಮ್ಮ ಪ್ರಕರಣದಲ್ಲಿ ನನಗಿರುವ ಭಯ ಅದೇ. ಕಾರನ್ನು ಅಂಗಡಿಗೆ ತೆಗೆದುಕೊಂಡು ಹೋಗುವುದು ಮಳೆ ಬಿಟ್ಟ ಹಗಲಲ್ಲಿ. ಹೋಗುವ ದಾರಿಯಲ್ಲಿ ಎಂಜಿನ್ನಿನ ಬಿಸಿಗೆ, ಬ್ಲೋವರಿನ ಗಾಳಿಗೆ ತೇವ ಆರಿರುತ್ತದೆ. ಸೋರಿಕೆ ಇರುವುದು ಒದ್ದೆಯಲ್ಲಿ. ಒದ್ದೆಯಲ್ಲೇ ಅಳೆಯಬೇಕು. ರಾತ್ರಿಯಿಡೀ ಮಳೆ ಸುರಿದ ಬೆಳಿಗ್ಗೆ, ಕಾರು ನಿಂತ ಜಾಗದಲ್ಲೇ, ಸ್ಟಾರ್ಟ್ ಮಾಡದೆ ಅಳೆದು ಬರೆದಿಡಿ. ಬಿಸಿಲು ಬಂದ ದಿನ ಮತ್ತೊಮ್ಮೆ ಅಳೆಯಿರಿ. ಎರಡು ಅಂಕಿಗಳ ನಡುವಿನ ಅಂತರವೇ ನೀರು ಎಲ್ಲೋ ನುಗ್ಗುತ್ತಿದೆ ಎಂಬುದಕ್ಕೆ ಸಾಕ್ಷಿ. ಮಳೆಗೆ ಕಾಯಲಾಗದಿದ್ದರೆ ಬಾನೆಟ್ ಮುಚ್ಚಿ, ಮುಂಗಾಜಿನ ಮೇಲೆ ಚೊಂಬಿನಿಂದ ಸಾವಕಾಶವಾಗಿ ನೀರು ಸುರಿಯುತ್ತಾ ಮೀಟರ್ ನೋಡಬಹುದು, ಮೀಟರ್ ಮಾತ್ರ ನೆನೆಯದಂತೆ ಇರಲಿ.

ನೀರು ನುಗ್ಗುವ ದಾರಿಗಳು ತೋಟದ ಕಾರುಗಳಲ್ಲಿ ಹೆಚ್ಚುಕಡಿಮೆ ಒಂದೇ. ನೀವು ಸಿಲ್ವರ್ ಓಕ್ ಅಡಿಯಲ್ಲಿ ನಿಲ್ಲಿಸುತ್ತೀರಿ. ಅದರ ಎಲೆ ಉದುರಿ ಮುಂಗಾಜಿನ ಬುಡದ ಜಾಲರಿಯ ಕೆಳಗೆ ಸೇರಿ ಕೊಳೆತು, ನೀರು ಹೊರಹೋಗುವ ತೂತು ಕಟ್ಟಿಕೊಳ್ಳುತ್ತದೆ. ತುಂಬಿದ ನೀರು ಬ್ಲೋವರಿನ ದಾರಿಯಿಂದಲೋ ಗಾಜಿನ ರಬ್ಬರಿನ ಬಿರುಕಿನಿಂದಲೋ ಡ್ಯಾಶ್‌ಬೋರ್ಡಿನ ಕೆಳಗೆ ಇಳಿಯುತ್ತದೆ. ಅಲ್ಲಿ ಫ್ಯೂಸ್ ಬಾಕ್ಸ್ ಇರುತ್ತದೆ, ಮತ್ತು ಹೊರಗಿನಿಂದ ಹಾಕಿಸಿದ ಸೆಂಟ್ರಲ್ ಲಾಕಿನ ಪೆಟ್ಟಿಗೆಯನ್ನೂ ಬಹಳ ಮಂದಿ ಅಲ್ಲೇ ತುರುಕಿರುತ್ತಾರೆ. ಕಾಲಿಡುವ ಜಾಗದ ಮ್ಯಾಟ್ ಎತ್ತಿ ಕೆಳಗಿನ ಕಾರ್ಪೆಟ್ ಒತ್ತಿ ನೋಡಿ. ಒದ್ದೆಯಾಗಿದ್ದರೆ ಅರ್ಧ ಕೆಲಸ ಮುಗಿದಂತೆ. ಲಾಕಿನ ವೈರ್ ಬಾಗಿಲಿಗೆ ಹೋಗುವ ಕಡೆಯಲ್ಲಿರುವ ರಬ್ಬರ್ ಕೊಳವೆಯೊಳಗೆ ವೈರ್ ಮಡಚಿ ಮಡಚಿ ತುಂಡಾಗಿ, ತೇವದಲ್ಲಿ ಒಂದಕ್ಕೊಂದು ತಾಗುವುದೂ ಉಂಟು. ಎರಡರಲ್ಲೂ ಲಾಕಿನ ರಿಲೇ ಕಾರಣವಿಲ್ಲದೆ ಎಳೆದು ಬಿಡುತ್ತದೆ. ನಿಮಗೆ ಕೇಳುವ ಟಿಕ್ ಟಿಕ್ ಸದ್ದಿಗೆ ಇದು ಚೆನ್ನಾಗಿ ಹೊಂದುತ್ತದೆ. ಸದ್ದು ಬರುವಾಗ ಫ್ಯೂಸ್ ಬಾಕ್ಸಿನ ರಿಲೇಗಳನ್ನೂ ಲಾಕಿನ ಪೆಟ್ಟಿಗೆಯನ್ನೂ ಬೆರಳಿಂದ ಮುಟ್ಟಿ. ಕರೆಂಟ್ ಹಿಡಿದುಕೊಂಡ ರಿಲೇ ಬೆಚ್ಚಗಿರುತ್ತದೆ.

ಇಲಿಯನ್ನು ಮರೆಯಬಾರದು. ಮಳೆಗಾಲದಲ್ಲಿ ಒಣ ಜಾಗ ಹುಡುಕಿ ಬಾನೆಟ್ಟಿನೊಳಗೆ ಗೂಡು ಕಟ್ಟಿ ವೈರಿನ ಹೊದಿಕೆ ಕಡಿಯುತ್ತವೆ. ಒಣಗಿದಾಗ ಏನೂ ಆಗುವುದಿಲ್ಲ. ತಾಮ್ರ ಒದ್ದೆಯಾಗಿ ಬಾಡಿಗೆ ತಾಗಿದರೆ ಸೋರಿಕೆ ಶುರು. ಬ್ಯಾಟರಿಯ ಸುತ್ತ ಹುಲ್ಲು, ಹಿಕ್ಕೆ, ಹಣ್ಣಿನ ಸಿಪ್ಪೆ ಕಂಡರೆ ಅಲ್ಲಿಂದಲೇ ಹುಡುಕಿ.

ಸ್ಟೀರಿಯೊದ ವಿಷಯ. ಅದಕ್ಕೆ ಋತು ತಿಳಿಯುವುದಿಲ್ಲ, ಸೋರಿದರೆ ಬೇಸಿಗೆಯಲ್ಲೂ ಸೋರಬೇಕು. ಹಾಗಾಗಿ ಮುಖ್ಯ ದೋಷ ಅದರದ್ದಲ್ಲ ಎನಿಸುತ್ತದೆ. ಆದರೂ ನೋಡಿಸಿ: ಸಾಮಾನ್ಯವಾಗಿ ಹಳದಿ ವೈರ್ ಮೆಮೊರಿಗಾಗಿ ಸದಾ ಬ್ಯಾಟರಿಗೆ ಸೇರಿರಬೇಕು, ಕೆಂಪು ವೈರ್ ಕೀ ಹಾಕಿದಾಗ ಮಾತ್ರ ಬರುವ ಸಾಲಿಗೆ. ಆತುರದಲ್ಲಿ ಎರಡನ್ನೂ ಸುತ್ತಿ ಒಂದೇ ಕಡೆ ಸೇರಿಸಿಬಿಡುತ್ತಾರೆ. ಕಾರು ನಿಂತಾಗಲೂ ಸ್ಟೀರಿಯೊ ಅರೆಎಚ್ಚರದಲ್ಲಿ ಇರುತ್ತದೆ. ಬೇಸಿಗೆಯಲ್ಲಿ ಒಂದು ವಾರ ತಾಳುತ್ತದೆ ಎಂದಿರಿ, ಎರಡು ಮೂರು ವಾರ ಎನ್ನಲಿಲ್ಲ. ಒಳ್ಳೆಯ ಬ್ಯಾಟರಿಯಿರುವ ಕಾರು ಅಷ್ಟೂ ತಾಳಬೇಕು. ಡಿಕ್ಕಿ ಮತ್ತು ಗ್ಲೋವ್ ಬಾಕ್ಸಿನ ದೀಪ ಆರುತ್ತದೆಯೇ ಎಂದು ನೋಡಲು ಮೊಬೈಲಿನಲ್ಲಿ ವಿಡಿಯೊ ಚಾಲೂ ಮಾಡಿ ಒಳಗಿಟ್ಟು ಮುಚ್ಚಿ, ತೆಗೆದು ನೋಡಿ.

ದೋಷ ಸಿಕ್ಕ ಮೇಲೆ ಮಾಡಬಹುದಾದದ್ದು ಹಲವಿದೆ. ನನ್ನ ಆಯ್ಕೆ ಸ್ಪಷ್ಟ: ಎಲೆ ತೆಗೆಸಿ, ತೂತು ಬಿಡಿಸಿ, ರಬ್ಬರ್ ಬದಲಿಸಿ, ಲಾಕಿನ ಪೆಟ್ಟಿಗೆಯನ್ನು ಒಣ ಜಾಗಕ್ಕೆ ಎತ್ತಿ ಕಟ್ಟಿಸಿ, ಅದು ಒಳಗೆ ಹಸಿರುಗಟ್ಟಿದ್ದರೆ ಕಿತ್ತು ಎಸೆಯಿರಿ. ಕೀಯಿಂದ ಬಾಗಿಲು ಹಾಕಿಕೊಳ್ಳುವುದು ಕಷ್ಟವೇನಲ್ಲ. ಪೂರ್ತಿ ವೈರಿಂಗ್ ಬದಲಿಸುವುದಕ್ಕೆ ನಾನು ಒಪ್ಪುವುದಿಲ್ಲ. ಕಾರ್ಖಾನೆಯಲ್ಲಿ ಕಟ್ಟಿದ ವೈರಿಂಗ್ ತೆಗೆದು ಕೈಯಿಂದ ಹೊಸದು ಎಳೆದರೆ ಹತ್ತಾರು ಹೊಸ ಜೋಡಣೆಗಳಾಗುತ್ತವೆ, ಪ್ರತಿಯೊಂದೂ ನಾಳೆಯ ದೋಷ. ಬೆಂಕಿಯ ಅಪಾಯವೂ ಇದೆ.

ಟರ್ಮಿನಲ್ ಬಿಚ್ಚುವ ಬದಲು ನೆಗೆಟಿವ್‌ಗೆ ಕಟ್-ಆಫ್ ಸ್ವಿಚ್ ಹಾಕಿಸಬಹುದು. ಅಗ್ಗ, ಕೆಲಸಕ್ಕೆ ಬರುತ್ತದೆ. ಗಡಿಯಾರ ಅಳಿಸಿಹೋಗುತ್ತದೆ, ಕೆಲವು ಸ್ಟೀರಿಯೊ ಕೋಡ್ ಕೇಳುತ್ತವೆ, ಎಂಜಿನ್ನಿನ ಐಡ್ಲಿಂಗ್ ಮೊದಲ ಕೆಲವು ನಿಮಿಷ ಏರುಪೇರಾಗಬಹುದು. ಕಳಪೆ ಸ್ವಿಚ್ ನಮ್ಮ ತೇವಕ್ಕೆ ಒಳಗೇ ಕಿಲುಬು ಹಿಡಿದು ಸೆಲ್ಫ್‌ಗೆ ಬೇಕಾದ ಕರೆಂಟ್ ಬಿಡುವುದಿಲ್ಲ, ಹಾಗಾಗಿ ಹಿತ್ತಾಳೆಯ ದಪ್ಪ ಸ್ವಿಚ್ಚೇ ಇರಲಿ. ನಿಂತ ಬ್ಯಾಟರಿಗೆ ಸಣ್ಣದಾಗಿ ಚಾರ್ಜ್ ಕೊಡುವ ಸ್ವಯಂಚಾಲಿತ ಚಾರ್ಜರ್‌ಗಳೂ ಇವೆ. ಆದರೆ ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ದಿನಗಟ್ಟಲೆ ಕರೆಂಟ್ ಹೋಗುವ ನಮ್ಮ ಊರುಗಳಲ್ಲಿ, ಅದೂ ಬಯಲಿನಲ್ಲಿ ನಿಂತ ಕಾರಿಗೆ, ಮನೆಯಿಂದ ವೈರ್ ಎಳೆಯುವುದು ಅಪಾಯ. ಶೆಡ್ಡಿನಲ್ಲಾದರೆ ಗಾಳಿಯಾಡುವಂತಿರಲಿ, ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುತ್ತದೆ, ಹತ್ತಿರ ಬೆಂಕಿ ಬೇಡ. ಸಣ್ಣ ಸೋಲಾರ್ ಫಲಕ ಜುಲೈನಲ್ಲಿ ಹೆಚ್ಚೇನೂ ಕೊಡುವುದಿಲ್ಲ. ತಡೆ ಡಯೋಡ್ ಇಲ್ಲದ ಫಲಕ ರಾತ್ರಿ ತಾನೇ ಬ್ಯಾಟರಿಯನ್ನು ಕುಡಿಯುತ್ತದೆ.

ಇಳಿಜಾರಿನಲ್ಲಿ ನಿಲ್ಲಿಸಿ, ಉರುಳಿಸಿ ಸ್ಟಾರ್ಟ್ ಮಾಡುವ ರೂಢಿ ನಮ್ಮ ಕಡೆ ಬಹಳ. ದಯವಿಟ್ಟು ಅದನ್ನು ನೆಚ್ಚಬೇಡಿ. ಎಂಜಿನ್ ಓಡದಿರುವಾಗ ಬ್ರೇಕಿಗೆ ಬೂಸ್ಟರಿನ ಸಹಾಯ ಒಂದೆರಡು ಒತ್ತಿಗೆ ಮುಗಿಯುತ್ತದೆ, ಪವರ್ ಸ್ಟೀರಿಂಗ್ ಇದ್ದರೆ ಅದೂ ಬಿಗಿ. ಪಾಚಿ ಹಿಡಿದ ತೋಟದ ರಸ್ತೆಯಲ್ಲಿ, ರಾತ್ರಿ, ಪಕ್ಕದಲ್ಲಿ ರೋಗಿಯನ್ನು ಕೂರಿಸಿಕೊಂಡು ಅದು ಬೇಡ. ಅದರ ಬದಲು ಬ್ಯಾಟರಿ ಇಳಿದ ಕಾರನ್ನು ಎಬ್ಬಿಸುವ ಸಣ್ಣ ಸಾಧನವಾದ, ಒಳ್ಳೆಯ ಗುಣಮಟ್ಟದ ಲಿಥಿಯಂ ಜಂಪ್ ಸ್ಟಾರ್ಟರ್ ಒಂದನ್ನು ಮನೆಯೊಳಗೆ ಇಟ್ಟುಕೊಳ್ಳಿ, ಕಾರಿನಲ್ಲಲ್ಲ. ತಿಂಗಳಿಗೊಮ್ಮೆ ಚಾರ್ಜ್ ನೋಡಿ. ಕೆಂಪು ಪಾಸಿಟಿವ್‌ಗೆ, ಕಪ್ಪು ನೆಗೆಟಿವ್‌ಗೆ, ತಿರುಗಾಮುರುಗಾ ಆಗಬಾರದು. ಬಿಸಿಲಿರುವ ಒಂದು ಹಗಲು ನೀವೇ ಸಿಕ್ಕಿಸಿ ಅಭ್ಯಾಸ ಮಾಡಿಕೊಳ್ಳಿ.

ಮಾರುವ ಮಾತಿಗೆ ಈಗಲೇ ಬರಬೇಡಿ. ನೀವು ಹೇಳಿದ್ದರಲ್ಲಿ ಎಂಜಿನ್ನಿನ ದೂರು ಒಂದೂ ಇಲ್ಲ. ಒಂದು ತೂತು, ಒಂದು ರಬ್ಬರ್, ಒಂದು ಪೆಟ್ಟಿಗೆಯಲ್ಲಿ ಮುಗಿಯಬಹುದಾದ ದೋಷಕ್ಕೆ ಕಾರನ್ನೇ ಬಿಡುವುದು ಸರಿಯಲ್ಲ. ಬಾಡಿಯ ಕೆಳಭಾಗ ತುಕ್ಕು ತಿಂದು ತೂತಾಗಿದ್ದರೆ ಮಾತ್ರ ಬೇರೆ ವಿಚಾರ. ಮ್ಯಾಟ್ ಎತ್ತಿದಾಗ ಅದನ್ನೂ ನೋಡಿಬಿಡಿ.

ಹೊಸ ಬ್ಯಾಟರಿ ಬೇಕೆಂದು ಪರೀಕ್ಷೆ ಹೇಳಿದರೆ, ಸೋರಿಕೆ ನಿಂತ ಮೇಲೆ ಹಾಕಿಸಿ, ಮೊದಲಲ್ಲ. ರಿಪೇರಿ ಮಾಡಿದವರಿಗೆ ಹಣ ಕೊಡುವ ಮೊದಲು ನಿಮ್ಮ ಎರಡು ಅಂಕಿಗಳ ಚೀಟಿ ತೋರಿಸಿ, ಮುಂಗಾಜಿಗೆ ನಿಮ್ಮೆದುರಿಗೇ ನಾಲ್ಕು ಚೊಂಬು ನೀರು ಸುರಿಸಿ, ಅರ್ಧ ಗಂಟೆ ಬಿಟ್ಟು ಮೀಟರ್ 50 ಮಿಲಿಆಂಪಿಯರಿಗಿಂತ ಕೆಳಗೆ ನಿಲ್ಲುವುದನ್ನು ನೋಡಿ.